ಹಚ್ಚೂದು

ಇಪ್ಪತ್ತೆರಡು ವರ್ಷ ರೈಲಿನ ಡಬ್ಬಿಗೆ ಬಣ್ಣಾ ಹಚ್ಚಿದಾಂವ
ತನ್ನ ಮನಿಗೆ ಹಚ್ಚಲಿಲ್ಲ.
ಬರೂ ಐತವಾರ ಅಂದ. ಐತವಾರ ಬಂತು,
ರೊಟ್ಟಿ ತಿಂದು ಗ್ವಾಡಿಗೆ ಬೆನ್ನ ಹಚ್ಚಿ ಕುಂತ.
ಉದುರೂ ಸುಣ್ಣ ಅಂಗಿಗೆ ಹತ್ತಿ
ಸೋಮವಾರ ಅವನ ಜೋಡಿ ವರ್ಕಶಾಪಿಗೆ ಹೋತು.
ನಾಕು ವರ್ಷ ಹಿಂಗ
ನಮ್ಮ ಮನಿ ಚೂರುಚೂರ ನೌಕರಿಗೆ ಹೋತು.

ಈ ಸಲ ನಾನ ಹೋದೆ ದುರ್ಗದ ಬೈಲಿಗೆ.
ಅಂಗಡಿಯಾಂವ ಬಣ್ಣದ ಪಟ್ಟಿ ಹರವಿ ಕೇಳಿದ:
ಎಷ್ಟು ಖೋಲಿ? ಹಚ್ಚಾವ್ರು ಯಾರು?
ಖೋಲಿ ಎರಡು, ಅಡಗಿಮನಿ ಒಂದು. ಹಚ್ಚಾಕಿ ನಾನ.
ಹೆಣ್ಣಮಕ್ಕಳ ಕೈಗೆ ಇದ ಸಾಕು ಅಂತ
ಎರಡ ಇಂಚಿನ ಬುರುಸು ಕೊಟ್ಟ.
ತಿರುಗಿ ಇಟ್ಟು ನಾಕ ಇಂಚಿಂದು ತೊಗೊಂಡೆ.
ಡಬ್ಬಿ ಮ್ಯಾಲ ಬಣ್ಣಕ್ಕ ಏನೋ ಇಂಗ್ಲೀಷಿನ ಹೆಸರಿತ್ತು.
ಮುಚ್ಚಳ ತಗದು ನೋಡಿದೆ:
ನವಣಕ್ಕಿ.

ಬಾಜೂ ಮನಿ ಶಮ್ಶಾದ್ ಬಂದ್ಲು,
ಮಗನ ಕ್ರಿಕೆಟ್ ಟೊಪಿಗಿ ಹಾಕ್ಕೊಂಡು.
ಕೆರದ್ರ ಹಸರು. ಹಸರಿನ ಕೆಳಗ
ನಮ್ಮ ಅತ್ತಿ ಕಾಲದ ನೀಲಿ ಹಾಕಿದ ಸುಣ್ಣ,
ಅದರ ಕೆಳಗ ಮಣ್ಣು, ಮಣ್ಣಾಗ ಒಂದು ಹುಲ್ಲಕಡ್ಡಿ,
ಇನ್ನೂ ಹಳದಿ.
ಧೂಳಾಗ ಇಬ್ಬರೂ ಒಂದ ಮಾರಿಯವರಾದಿವಿ.
ಮಧ್ಯಾಹ್ನ ಹಚ್ಚಿದ ಅವಲಕ್ಕಿ ತಿಂದಿವಿ ಕಾಗದದ ಮ್ಯಾಲ;
ಪುಟ್ಟಿ ಬಿದ್ದದ್ದು ಯಾವ್ದು, ಪುಠಾಣಿ ಯಾವ್ದು ತಿಳಿಲಿಲ್ಲ.

ಅಡಗಿಮನಿಗೆ ಬಂದಾಗ ಕೈ ನಿಂತ್ವು.

ಒಲಿ ಬಾಜೂಕ, ಪೆನ್ಸಿಲಿನ್ಯಾಗ,
ಹನ್ನೊಂದು ವರ್ಷದ ಸಿಲಿಂಡರ.
'ಹಚ್ಚಿದ್ದು' ಅಂತ ಬರದು ಮುಂದ ತಾರೀಖು.
ಅತ್ತಿ ಹಾಸಿಗಿ ಹಿಡದಾಗ ಇಪ್ಪತ್ತು ದಿನಕ್ಕ ಖಾಲಿ,
ಬರೇ ನೀರ ಕಾಸಿದ್ದು.
ಮಗಳ ಬಾಣಂತನ, ಹದಿನೇಳು.
ಇದು ನೋಡು ಅಂದೆ ಶಮ್ಶಾದಗ, ಎಂಬತ್ತಾರು ದಿನ!
ಏನ್ ತಿಂದಿದ್ರಿ? ಅಂದ್ಲು.
ಆ ತಿಂಗಳು ನಾವಿಬ್ಬರು
ಮಾತಾಡ್ತಿರಲಿಲ್ಲ.

ಬುರುಸು ಎದ್ದಿ ಹಚ್ಚಿಬಿಟ್ಟೆ.
ಮೊದಲನೇ ಕೋಟಿನ ಕೆಳಗ ಅಂಕಿ ಕಾಣತಿದ್ವು,
ಕೆರಿ ನೀರಾಗ ಬಿದ್ದ ಚಿಲ್ಲರದಂಗ.
ಎರಡನೇದಕ್ಕ ಮುಳುಗಿದ್ವು.

ಭೋಂಗಾ ಆತು. ಆಂವ ಬಂದ.
ಹೊಚ್ಚಲದಾಗ ನಿಂತ, ಬೂಟು ಕಳಿಲಿಲ್ಲ.
ಗ್ವಾಡಿ ನೋಡಿದ, ಮ್ಯಾಲ ನೋಡಿದ,
ಬಟ್ಟು ಹಚ್ಚಿ ನೋಡಿದ.
ಎರಡನೇ ಕೋಟು ಅಡ್ಡ ಹೊಡಿಬೇಕಿತ್ತು, ಅಂದ.
ಅಷ್ಟ.
ಉಂಡ ಮ್ಯಾಲ ಕೇಳಿದ: ಬಣ್ಣ ಯಾರು ಆರಿಸಿದ್ರು?
ನಾನ.
ನಮ್ಮಲ್ಲಿ ಮ್ಯಾಲಿಂದ ನಂಬರ ಬರತೈತಿ, ಅಂದ.
ಕೆಂಪು ಅಂದ್ರು, ಕೆಂಪು ಹಚ್ಚಿದ್ವಿ. ನೀಲಿ ಅಂದ್ರು, ನೀಲಿ.
ಯಾರೂ ಒಮ್ಮೆರೆ ಕೇಳಲಿಲ್ಲ.
ಏನ್ ಕೇಳಿದ್ರ ಏನ್ ಹೇಳ್ತಿದ್ದಿ? ಅಂದೆ.
ಬಾಳ ಹೊತ್ತು ವಿಚಾರ ಮಾಡಿದ. ಹೇಳಲಿಲ್ಲ.

ರಾತ್ರಿ ಎಚ್ಚರಾದಾಗ ಹಾಸಿಗಿ ಖಾಲಿ.
ಆ ಖೋಲ್ಯಾಗ ನಿಚ್ಚಣಿಕಿ ಕಿರಗುಟ್ಟತಿತ್ತು.
ಮುಂಜಾನೆ ನೋಡಿದ್ರ, ನಾ ಅಂಕುಡೊಂಕು ಮಾಡಿದ
ಮಾಳಿಗಿ ಕೆಳಗಿನ ಗೆರಿ
ದಾರ ಹಿಡದಂಗ, ಈ ಗ್ವಾಡಿಯಿಂದ ಆ ಗ್ವಾಡಿ ತನಕ.
ಬಾಗಲ ಹಿಂದಿಂದು ಮುಟ್ಟಬ್ಯಾಡ ಅಂದೆ.
ಅಲ್ಲಿ ಸೊಟ್ಟ ಐತಿ ಅಂದ.
ಇರಲಿ. ಅದು ನಂದು.

ಮೂರನೇ ದಿನಕ್ಕ ಗ್ಯಾಸ್ ಮುಗೀತು.
ಹೊಸಾದು ಜೋಡಿಸಿ, ಕಿವಿಮ್ಯಾಲಿನ ಪೆನ್ಸಿಲ್ ತಗದು,
ನವಣಕ್ಕಿ ಗ್ವಾಡಿ ಮುಂದ ಆಂವ ತಡದು ನಿಂತ.
ಆಮ್ಯಾಲ ಸಣ್ಣಗ ಬರದ: ಹಚ್ಚಿದ್ದು.
ತಿರುಗಿ ಕೇಳಿದ, ಯಾವ ತಾರೀಖು ಹಾಕಲಿ?
ಗ್ಯಾಸಿಂದೋ, ಬಣ್ಣದ್ದೋ?
ಮೊದಲ ಒಲಿ ಹಚ್ಚು, ಅಂದೆ.
ಚಾ ಇಡು.