ಇಳಿಜಾರು

ಕಾಫಿ ಕಣದಲ್ಲಿ ಟಾರ್ಪಾಲು ಹಾಸಿ
ಪದ್ಮಿನಿಯ ಎಂಜಿನ್ ಬಿಚ್ಚಿದೆವು,
ನಾನೂ ಬೊಳ್ಳಮ್ಮ ಅತ್ತೆಯೂ.
ಪಿಸ್ಟನ್ನು ಇಡ್ಲಿ ತಟ್ಟೆಯಲ್ಲಿ,
ಎಂಟು ವಾಲ್ವು ಮೊಟ್ಟೆ ಟ್ರೇಯಲ್ಲಿ, ನಂಬರು ಬರೆದು.
ಹನ್ನೊಂದು ದಿನ.
ಜೋಡಿಸಿದ ಮೇಲೆ ಒಂದು ವಾಷರು ಉಳಿಯಿತು.
ಅತ್ತೆ ಅದನ್ನು ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡರು.

ಓಡುತ್ತದೆ.
ಬೋಯಿಕೇರಿ ಏರಿನಲ್ಲಿ ಎರಡನೇ ಗೇರು,
ಬೆನ್ನಿಗೆ ಬಸ್ಸಿನ ಹಾರನ್ನು,
ಕಿಟಕಿಯಿಂದ ಅತ್ತೆಯ ಕೈ: ಹೋಗಪ್ಪಾ, ನೀನೇ ಹೋಗು.

ಬೆಳಗಾದರೆ ಅಡಿಗಿಟ್ಟ ರಟ್ಟಿನ ಮೇಲೆ
ಎಣ್ಣೆ ಹನಿ ಎಣಿಸುತ್ತೇನೆ.
ಮೊನ್ನೆ ಒಂಬತ್ತು, ನಿನ್ನೆ ಏಳು,
ಇವತ್ತು ಎರಡೇ.
ಕಡಿಮೆಯಾದಷ್ಟೂ ಭಯ.

ಸೆಲ್ಫು ಮಾತ್ರ ಇನ್ನೂ ನಂಬುವಂತಿಲ್ಲ.
ಹಾಗಾಗಿ ನಾವು ಹೋಗಿಬರುವ ನೆಂಟರೆಲ್ಲ ಈಗ
ಇಳಿಜಾರಿನಲ್ಲಿ ಮನೆಯಿರುವವರೇ.
ಗದ್ದೆ ಬಯಲಿನವರು ಸಂತೆಯಲ್ಲಿ ಸಿಕ್ಕಿ ಕೇಳುತ್ತಾರೆ,
ಏನು, ನಮ್ಮ ಮೇಲೆ ಸಿಟ್ಟೇ?