ಎಂಬತ್ತು ಮೀಟರ್

ಶ್ರೀನಿವಾಸಪುರದ ಮಾವಿನ ಮಂಡಿಯ ತೂಕದ ಮನೆಯಲ್ಲಿ
ಎರಡು ಸಾವಿರದ ಆರನೇ ಇಸವಿಯ ಕಂಪ್ಯೂಟರ್.
ಮೈಯೆಲ್ಲ ಹಳದಿ, ಬೀಡಿ ಸೇದುವವರ ಹಲ್ಲಿನ ಹಾಗೆ.
ಆನ್ ಮಾಡಿ ಒಂದು ಟೀ ಕುಡಿದು ಬರಬೇಕು,
ಅಷ್ಟರಲ್ಲಿ ತೆರೆದಿರುತ್ತದೆ ಹಸಿರು ಗುಡ್ಡ, ನೀಲಿ ಆಕಾಶ.
ನಮ್ಮ ಬಂಡೆಯ ಸೀಮೆಯಲ್ಲಿ ಯಾರೂ ಕಾಣದ ಗುಡ್ಡ.

ಬದಲಾಯಿಸಿ ಅಂತ ನಾನೇ ಮೂರು ವರ್ಷ ಹೇಳಿದೆ.
ಖಲಂದರ್ ಸಾಹೇಬರು ಅದರ ಬೆನ್ನು ತಿರುಗಿಸಿ ತೋರಿಸಿದರು:
ಒಂಬತ್ತು ಸೂಜಿಯ ಹಳೇ ಪೋರ್ಟು.
ಅದರೊಳಗಿಂದಲೇ ಲಾರಿಯ ಭಾರ
ನೆಲದಡಿಯಿಂದ ಹತ್ತಿ ಬಂದು ಅಂಕಿಯಾಗುವುದು.
ಹೊಸ ಯಂತ್ರಗಳಿಗೆ ಆ ತೂತೇ ಇಲ್ಲ.
ಪ್ರೋಗ್ರಾಂ ಬರೆದವನ ನಂಬರು ಗೋಡೆಯ ಮೇಲಿದೆ,
ಕರೆದರೆ ಯಾರೋ ಹೆಂಗಸು ಹಿಂದಿಯಲ್ಲಿ ಬೈಯುತ್ತಾಳೆ.

ಅದನ್ನು ಬಲ್ಲವನು ಚೌಡರೆಡ್ಡಿ ಒಬ್ಬನೇ.
ಯಾವ ಕೀ ಒತ್ತಿದರೆ ಖಾಲಿ ಲಾರಿಯ ತೂಕ ಕಳೆಯುತ್ತದೆ,
ಎಂಟರ್ ಎಲ್ಲಿ ಎರಡು ಸಲ,
ಪ್ರಿಂಟರು ಮುನಿದರೆ ಎಲ್ಲಿ ತಟ್ಟಬೇಕು.
ಬೇನಿಷಾ ಇಳಿಯುವ ವಾರವೇ
ಲಾರಿಯ ಹಿಂಬದಿಯಿಂದ ಜಾರಿ ತೊಡೆಮೂಳೆ ಮುರಿದುಕೊಂಡ.
"ಮಂಚದಿಂದ್ಲೇ ನಡೆಸ್ತೀನಿ ಶಾಹೀನಾ,
ನನ್ನ ಕೈ ಅಲ್ಲೀಗಂಟ ಹೋಗೋ ಹಂಗೆ ಮಾಡು."

ಹುಡುಕಿದೆ.
ಒಂದೊಂದು ರಿಮೋಟ್ ಸಾಫ್ಟ್‌ವೇರೂ ಬಾಗಿಲಲ್ಲೇ ತಡೆದು
ವಯಸ್ಸು ಕೇಳಿತು.
ಒಂದಕ್ಕೆ ವಿಂಡೋಸ್ ಹತ್ತೇ ಆಗಬೇಕು,
ಇನ್ನೊಂದಕ್ಕೆ ನಾಲ್ಕು ಜಿಬಿ; ಇದರ ಹತ್ತಿರ ಇರುವುದು ಅರ್ಧ.
ಹಳೇ ಆವೃತ್ತಿ ತಂದು ಹಾಕಿದರೆ
ಅದು ಎದ್ದು ಕೂತು, ಕಣ್ಣುಜ್ಜಿ,
ತನ್ನ ಕಂಪನಿಯ ಸರ್ವರನ್ನು ಕೂಗಿತು, ಕೂಗಿತು,
ಊರು ಬಿಟ್ಟವರ ಬಾಗಿಲು ತಟ್ಟಿದ ಹಾಗೆ.
ರಾತ್ರಿ ಎರಡಕ್ಕೆ ಅಳು ಬಂತು. ಯಾಕೋ.
ನಾನು ಕಲಿತದ್ದೂ ಇಂಥದ್ದರ ಮೇಲೇ.

ಕೊನೆಗೆ ಸಿಕ್ಕಿದ್ದು ಚಿಂತಾಮಣಿಯಲ್ಲಿ,
ಮುಚ್ಚಿಹೋದ ಕಂಪ್ಯೂಟರ್ ತರಗತಿಯ ಅಟ್ಟದ ಮೇಲೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಸಿಡಿ.
ಅದರ ಮೇಲೆ ಹಸಿರು ಮಾರ್ಕರಿನಲ್ಲಿ: ಬೇಕಾಗಬಹುದು.
ಮೇಷ್ಟ್ರು ಕಾಸು ಮುಟ್ಟಲಿಲ್ಲ,
ಡಬ್ಬಿ ಮಾತ್ರ ವಾಪಸ್ಸು ಕೇಳಿದರು.

ಇದಕ್ಕೆ ಇಂಟರ್ನೆಟ್ಟೇ ಬೇಡ,
ಎರಡು ಯಂತ್ರಗಳ ನಡುವೆ ಒಂದು ತಂತಿ ಸಾಕು.
ಚೌಡರೆಡ್ಡಿಯ ಮನೆ ಮಂಡಿಯ ಹಿಂದೆಯೇ.
ಹೆಜ್ಜೆ ಹಾಕಿ ಅಳೆದೆ: ಎಂಬತ್ತು ಮೀಟರ್.
ವಾರವಿಡೀ ಯಾವ್ಯಾವುದೋ ದೇಶದ ಸರ್ವರುಗಳ ಕಾಲು ಹಿಡಿದದ್ದು
ಇಷ್ಟಕ್ಕೇ.

ನೀಲಿ ಕೇಬಲ್ಲು ಟೀ ಅಂಗಡಿಯ ತಗಡಿನ ಮೇಲೆ ಹಾದು
ಹುಣಸೆಯ ಕೊಂಬೆಗೆ ಸುತ್ತಿಕೊಂಡು
ಕಿಟಕಿಯಿಂದ ಮಂಚದ ಮೇಲಿನ ಲ್ಯಾಪ್‌ಟಾಪಿಗೆ ಇಳಿಯಿತು.
ಸಂಜೆಯೊಳಗೆ ಆಂಜಿನಮ್ಮ ಅದರ ಮೇಲೊಂದು ಟವೆಲ್ ಒಣಹಾಕಿದ್ದರು.

ಬೆಳಿಗ್ಗೆ ಆರೂವರೆ. ಮೊದಲ ಲಾರಿ.
ಕುರ್ಚಿ ಖಾಲಿ. ಪರದೆಯ ಮೇಲೆ ಬಾಣ
ತಾನಾಗಿ ಅಲುಗಿತು.
ಡ್ರೈವರು ಒಂದು ಹೆಜ್ಜೆ ಹಿಂದೆ ಸರಿದ.
ಬಟನ್ನಿನ ಹತ್ತಿರ ಬಂದು, ಎರಡು ಸುತ್ತು ತಿರುಗಿ,
ಆಮೇಲೆ ಕ್ಲಿಕ್.
ಚೌಡರೆಡ್ಡಿಯೇ, ಅನುಮಾನವಿಲ್ಲ:
ಬೀಡಿ ಹಚ್ಚುವ ಮುಂಚೆ ಕಡ್ಡಿಯನ್ನೂ ಹೀಗೇ ತಿರುಗಿಸುತ್ತಾನೆ.
ಹದಿನಾಲ್ಕು ಸಾವಿರದ ಇನ್ನೂರ ಅರವತ್ತು.
ಪ್ರಿಂಟರು ಮುನಿಯಿತು. ತಟ್ಟಿದೆ.
ತಪ್ಪು ಜಾಗ.

ಬಾಣ ಒಂದು ಗಳಿಗೆ ಸುಮ್ಮನಿತ್ತು.
ಆಮೇಲೆ ನೋಟ್‌ಪ್ಯಾಡ್ ತೆರೆದು, ನುಡಿ ಅಕ್ಷರದಲ್ಲಿ, ನಿಧಾನವಾಗಿ:
ಎಡಗಡೆ. ಇನ್ನೂ ಕೆಳಗೆ. ಮೆತ್ತಗೆ.
ಚೀಟಿ ಬಂತು.

ಎರಡನೇ ಲಾರಿ, ತೋತಾಪುರಿ.
ಅಂಕಿ ಹತ್ತು ಏರಿ, ಹತ್ತು ಇಳಿದು, ಮತ್ತೆ ಏರಿತು.
ಯಂತ್ರಕ್ಕೆ ವಯಸ್ಸಾಯಿತು ಅಂದುಕೊಂಡೆ.
ಬಾಣ ಕ್ಲಿಕ್ ಮಾಡಲಿಲ್ಲ. ಮತ್ತೆ ಬರೆಯಿತು:
ಕ್ಲೀನರ್ ಇನ್ನೂ ಮೇಲೇ ಕೂತವ್ನೆ. ಇಳಿಸು.

ಹೊರಗೆ ಇಣುಕಿದೆ.
ಕಾಯಿಯ ರಾಶಿಯ ಮೇಲೆ, ಕಾಲು ಆಡಿಸುತ್ತಾ,
ಒಬ್ಬ ಹುಡುಗ ತೋತಾಪುರಿ ಕಚ್ಚುತ್ತಿದ್ದ.