ರಜೆ ಅರ್ಜಿ

ಮಾರ್ಚಿನ ಕೊನೆಯ ಸೋಮವಾರ. ಸುಂಟಿಕೊಪ್ಪದ ಶಾಲೆ.
ಹೋದ ವಾರ ಬಿದ್ದ ಹೂಮಳೆಗೆ
ತೋಟವೆಲ್ಲ ಒಮ್ಮೆಗೇ ಬಿಳಿಯಾಗಿ
ಕಿಟಕಿಯಿಂದ ಪರಿಮಳ ಒಳಗೆ ಬರುತ್ತಿದೆ,
ಪ್ರವೇಶ ಪತ್ರ ಇಲ್ಲದೆ.

ನನ್ನದರಲ್ಲಿದೆ: ವಾರಿಜ ಬಿ. ಕೆ., ಖಾಸಗಿ ಅಭ್ಯರ್ಥಿ,
ಹುಟ್ಟಿದ್ದು ಜೂನ್ ಒಂದು.
ನಮ್ಮ ಲೈನಿನ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ,
ಹೆಡ್ಮಾಸ್ಟರಿಗೆ ಬೇರೆ ತಾರೀಕು ತೋಚುತ್ತಿರಲಿಲ್ಲ.
ಅಮ್ಮನ ಲೆಕ್ಕದಲ್ಲಿ ನಾನು
ಕಪಾತು ಮುಗಿದು ಗೊಬ್ಬರ ಹಾಕುವ ಹೊತ್ತಿಗೆ ಬಂದವಳು.

ಬೆಂಚು ಚಿಕ್ಕದು. ಮೊಣಕಾಲು ತಾಗುತ್ತದೆ.
ಪಕ್ಕದ ಹುಡುಗಿ ನನ್ನನ್ನು ನೋಡಿದ್ದೇ ಎದ್ದು ನಿಂತಳು,
ಮೇಡಂ ಎಂದುಕೊಂಡು.
ಕೈಯಲ್ಲಿದ್ದ ಸ್ಕೇಲು, ಪೆನ್ಸಿಲು ಕಂಡು ಕೂತಳು.
ನಗು ತಡೆಯಲು ಅವಳು ಪಟ್ಟ ಪಾಡಿಗೆ
ನಾನೇ ನಕ್ಕುಬಿಟ್ಟೆ.

ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದವರಿಗೆ
ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ.
ತೋಟದ ರೈಟರಿಗೆ: ಅಂಗನವಾಡಿ ಕೆಲಸ ಖಾಲಿ ಇದೆಯಂತೆ.
ಗಂಡನಿಗೆ: ಫೀಸು ಕಟ್ಟಿ ಆಯಿತಲ್ಲ.
ನಾದಿನಿಗೆ: ಸುಮ್ಮನೆ.
ಮೂರರಲ್ಲಿ ಸುಮ್ಮನೆ ಎಂಬುದೇ ಹೆಚ್ಚು ನಿಜ.

ಹಗಲೆಲ್ಲ ಪಿಕಪ್ ಓಡಿಸಿ, ರಾತ್ರಿ ಬಂದು ಲೆಕ್ಕ ಹೇಳಿಕೊಡುವ ಸಾದಿಕ್
'ಎಕ್ಸ್ ಅಂದ್ರೆ ನಮಗೆ ಗೊತ್ತಿಲ್ಲದ್ದು ಅಕ್ಕಾ' ಎನ್ನುತ್ತಾನೆ.
ನನಗೆ ಎಕ್ಸ್ ಗೊತ್ತು.
ಕಡಿಯಬೇಕಾದ ಮರದ ಬೊಡ್ಡೆಗೆ ಸುಣ್ಣದಲ್ಲಿ ಹಾಕುತ್ತಾರೆ.
ಹಾಜರಿ ಪುಸ್ತಕದಲ್ಲಿ, ಬಾರದವರ ಹೆಸರಿನ ಮುಂದೆ ಹಾಕುತ್ತಾರೆ.

ಇವತ್ತು ಕನ್ನಡ. ಕೊನೆಯಿಂದ ಎರಡನೆಯ ಪ್ರಶ್ನೆ:
ಅನಾರೋಗ್ಯದ ನಿಮಿತ್ತ ಎರಡು ದಿನ ರಜೆ ಕೋರಿ
ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ. ಐದು ಅಂಕ.

ಪೆನ್ನು ನಿಂತಿತು.

ಏಳನೆಯ ತರಗತಿ. ಡಿಸೆಂಬರ್. ಕಾಫಿ ಕುಯ್ಲು ಶುರುವಾದ ವಾರ
ಅಮ್ಮ ಅಂದಳು: ನಾಳೆ ಒಂದು ದಿನ ಪಾಪುವನ್ನು ನೋಡಿಕೋ.
ಮುಳ್ಳು ತಾಗದಂತೆ ಗೋಣಿ ಸುತ್ತಿದ
ಹಾಲುವಾಣದ ಮರಕ್ಕೆ ಸೀರೆಯ ಜೋಲಿ ಕಟ್ಟಿಕೊಟ್ಟಳು.
ತೂಗಿದೆ.
ಆ ಒಂದು ದಿನ ಮುಗಿಯಲೇ ಇಲ್ಲ.
ತಮ್ಮ ಇಳಿದ ಕೈಗೆ ಚೀಲ ಬಂತು,
ಚೀಲದ ಹಿಂದೆ ಮೆಣಸಿನ ಏಣಿ, ಏಣಿಯ ಹಿಂದೆ ಮದುವೆ,
ಅರ್ಜಿ ಕೊಡದೆ ಮೂವತ್ತೊಂದು ವರ್ಷ.

'ಮಾನ್ಯರೇ' ಎಂದು ಬರೆದು
ಇದನ್ನೆಲ್ಲ ಬರೆದುಬಿಡಲೇ ಎಂದುಕೊಂಡೆ.
ತಿದ್ದುವವರು ಯಾವ ಊರಿನವರೋ,
ಹಾಲುವಾಣ ಕಂಡವರೋ ಇಲ್ಲವೋ.
ನನಗೆ ಐದಕ್ಕೆ ಐದು ಬೇಕು.
ಜ್ವರ ಎಂದೇ ಬರೆದೆ. ಎರಡು ದಿನ ಎಂದೇ ಬರೆದೆ.

ಕೆಳಗೆ ಬಲಗಡೆ
'ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ'
ಬರೆಯುವಾಗ ಮಾತ್ರ ಕೈ ನಿಧಾನವಾಯಿತು,
ತುಂಬಿದ ಕೊಡ ಇಳಿಸುವವಳ ಹಾಗೆ.
ಸ್ವಂತ ಹೆಸರು ಹಾಕುವಂತಿಲ್ಲ, ನಿಯಮ.
ಹಾಕಿದೆ: ಕ. ಖ. ಗ.
ಸ್ಲೇಟಿನ ಮೇಲೆ ಮೊದಲು ತಿದ್ದಿದವೂ ಇವೇ.

ಅಷ್ಟರಲ್ಲಿ ಪಕ್ಕದ ಹುಡುಗಿ
ಉತ್ತರದಿಂದ ತಲೆ ಎತ್ತದೆ, ಎಡಗೈ ಚಾಚಿ, ಪಿಸುಗುಟ್ಟಿದಳು:
'ಏ, ಸ್ಕೇಲ್ ಕೊಡೇ.'

ಕೊಟ್ಟೆ.